ರಿಂಗ್ ರೋಡಿನ ಟೈರ್ ಅಂಗಡಿ: ಕೆಲಸಕ್ಕೆ ಐದು ಸ್ಟಾರ್, ಕಾಯಿಸೋದಕ್ಕೆ ಎರಡು

ಕೂರೋಕೆ ಸೋಫಾ, ಎಸಿ, ಕಾಫಿ ಬೇಕು ಅನ್ನುವವರು ಈ ಅಂಗಡಿಗೆ ಬರಬೇಡಿ. ಇಲ್ಲಿರೋದು ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಅದರಲ್ಲೂ ಒಂದರ ಕಾಲು ಸರಿಯಿಲ್ಲ. ಶನಿವಾರ ಬಂದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಆದರೆ ಚಕ್ರ ಬಿಚ್ಚಿ, ಟೈರ್ ಬದಲಿಸಿ, ವಾಪಸ್ ಹಾಕುವ ಕೆಲಸವನ್ನು ಮೈಸೂರಿನಲ್ಲಿ ಇಷ್ಟು ಶ್ರದ್ಧೆಯಿಂದ ಮಾಡೋರನ್ನು ನಾನಂತೂ ಬೇರೆ ಕಡೆ ನೋಡಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾವೆಲ್ಲ ಟೈರ್ ಅಂಗಡಿಯನ್ನು ಅಳೆಯೋದು ರೇಟಿನಿಂದ. ಅಲ್ಲಿ ಒಂದು ಟೈರಿಗೆ ಇನ್ನೂರು ರೂಪಾಯಿ ಕಡಿಮೆ, ಇಲ್ಲಿ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಮಾಡೋದು) ಫ್ರೀ ಅಂತ ನಾಲ್ಕು ಕಡೆ ಫೋನ್ ಮಾಡುತ್ತೇವೆ. ಟೈರ್ ಎಲ್ಲಿ ಕೊಂಡರೂ ಅದೇ ಫ್ಯಾಕ್ಟರಿಯ ಟೈರೇ ಅಲ್ವಾ? ಅಂಗಡಿಯಿಂದ ಅಂಗಡಿಗೆ ಬದಲಾಗೋದು ಅದನ್ನು ಕಾರಿಗೆ ಹಾಕುವ ಕೈ. ಅದರಲ್ಲೂ ಕೊನೆಗೆ ನಟ್ಟು ಬಿಗಿಯುವ ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ನೋಡಿದರೆ ಸಾಕು, ಅಂಗಡಿಯ ಯೋಗ್ಯತೆ ಗೊತ್ತಾಗುತ್ತದೆ. ಗ್ರಾಹಕರು ಮಾತ್ರ ಆ ಹೊತ್ತಿಗೆ ಸರಿಯಾಗಿ ಕೌಂಟರಿನಲ್ಲಿ ಫೋನ್‌ಪೇ ಮಾಡುತ್ತಾ ನಿಂತಿರುತ್ತಾರೆ.

ನಮ್ಮ ಕಾರಿನ ಟೈರಿನಲ್ಲಿ ಬಟನ್, ಅಂದರೆ ನೆಲ ಕಚ್ಚುವ ರಬ್ಬರಿನ ಅಚ್ಚು, ಇನ್ನೂ ಚೆನ್ನಾಗಿತ್ತು. ಅದರ ನಡುವಿನ ತೋಡಿನ ಆಳ 1.6 ಮಿಲಿಮೀಟರ್‌ಗೆ ಇಳಿದರೆ ಟೈರ್ ಮುಗಿಯಿತು ಅಂತ ನಮ್ಮ ಮೋಟಾರು ವಾಹನ ನಿಯಮ ಹೇಳುತ್ತದೆ. ಟೈರಿನ ಪಕ್ಕದಲ್ಲಿ ಚಿಕ್ಕ ತ್ರಿಕೋನ ಇರುತ್ತದೆ, ಅದರ ನೇರಕ್ಕೆ ತೋಡಿನೊಳಗೆ ಕಾಣುವ ಸಣ್ಣ ಉಬ್ಬು ರಬ್ಬರಿನ ಮಟ್ಟಕ್ಕೆ ಬಂತು ಅಂದರೆ ಬದಲಿಸಬೇಕು. ನಮ್ಮದು ಅಷ್ಟು ಸವೆದಿರಲಿಲ್ಲ. ಆದರೆ ಪಕ್ಕದ ಗೋಡೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಬಂದಿದ್ದವು. ಕಾರು ಓಡಿದ್ದಕ್ಕಿಂತ ಬಿಸಿಲಲ್ಲಿ ನಿಂತಿದ್ದೇ ಜಾಸ್ತಿ.

ಅಂಗಡಿಯ ಯಜಮಾನರು ಮೊದಲು ಬಗ್ಗಿ ನೋಡಿದ್ದು ಆ ಬಿರುಕು, ಆಮೇಲೆ ಡಾಟ್ ನಂಬರು. ಟೈರಿನ ಮೇಲೆ ಡಾಟ್ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಟೈರಿನ ಜಾತಕ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಅಂತ. ಐದು ವರ್ಷ ಆದಮೇಲೆ ವರ್ಷಕ್ಕೊಂದು ಸಲ ತಿಳಿದವರಿಗೆ ತೋರಿಸಿ, ಹತ್ತು ವರ್ಷವಾದರೆ ಹೇಗೇ ಕಾಣಲಿ, ಸ್ಟೆಪ್ನಿ ಸಮೇತ ತೆಗೆದುಹಾಕಿ ಅಂತ ಮಿಶೆಲಿನ್ ಕಂಪನಿಯೇ ಹೇಳುತ್ತದೆ. "ಬಟನ್ ಇದೆ ಸಾರ್, ಆದ್ರೆ ರಬ್ಬರ್ ಸತ್ತೋಗಿದೆ" ಅಂದರು ಯಜಮಾನರು. ಮಾರೋಕೆ ಹೇಳಿದ ಮಾತಲ್ಲ ಅದು. ಯಾಕೆಂದರೆ ಪಕ್ಕದಲ್ಲೇ ಇನ್ನೊಬ್ಬರು ನಾಲ್ಕೂ ಹೊಸದು ಹಾಕಿ ಅಂತ ಬಂದಿದ್ದರು, ಅವರಿಗೆ "ನಿಮ್ದು ಇನ್ನೂ ಒಂದು ವರ್ಷ ಓಡುತ್ತೆ, ಹಿಂದಿಂದು ಮುಂದಕ್ಕೆ ಹಾಕ್ಕೊಡ್ತೀನಿ, ಹೋಗಿ" ಅಂತ ಕಳಿಸಿದರು.

ಬ್ರ್ಯಾಂಡ್ ವಿಷಯದಲ್ಲಿ ಇಲ್ಲಿ ಆಯ್ಕೆ ಕಡಿಮೆ. ಎರಡೋ ಮೂರೋ ಕಂಪನಿಯದ್ದು ಮಾತ್ರ ಸ್ಟಾಕ್ ಇರುತ್ತದೆ, ಬೇರೆ ಬೇಕಾದರೆ ಮರುದಿನ ತರಿಸಿಕೊಡುತ್ತಾರೆ. ನಮ್ಮ ಸೈಜ್ 185/65 ಆರ್15, 88ಎಚ್. ಇದರಲ್ಲಿ 185 ಅಂದರೆ ಟೈರಿನ ಅಗಲ ಮಿಲಿಮೀಟರಿನಲ್ಲಿ, 65 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 65 ಪಾಲು, 15 ಅಂದರೆ ರಿಮ್ಮಿನ ಅಳತೆ ಇಂಚಿನಲ್ಲಿ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಕೊನೆಯ 88ಎಚ್ ಬಗ್ಗೆ ಮಾತ್ರ ಯಾರೂ ಬಾಯಿ ಬಿಡೋದಿಲ್ಲ. 88 ಅಂದರೆ ಒಂದು ಟೈರ್ 560 ಕೆಜಿ ಹೊರುತ್ತದೆ, ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್ ವೇಗದ ತನಕ ತಡೆಯುತ್ತದೆ. ಕೆಲವು ಕಡೆ ಸ್ಟಾಕ್ ಇಲ್ಲ ಅಂತ ಇದಕ್ಕಿಂತ ಕಡಿಮೆ ಭಾರ ಹೊರುವುದನ್ನು "ಅದೇ ಸೈಜು ಸಾರ್" ಅಂತ ತಗಲಿಸುತ್ತಾರೆ. ಇಲ್ಲಿ ಹಳೆಯ ಟೈರಿನ ಅಂಕಿಯನ್ನೂ ಹೊಸದರದ್ದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು.

ಮೈಸೂರಿನ ಹಳಬರಿಗೆ ಟೈರ್ ಅಂದರೆ ಇವತ್ತಿಗೂ ಇಲ್ಲೇ ತಯಾರಾಗುತ್ತಿದ್ದ ವಿಕ್ರಾಂತ್. ಆ ಫ್ಯಾಕ್ಟರಿ 1997ರಲ್ಲೇ ಜೆಕೆ ಟೈರ್ ಕೈಗೆ ಹೋಯಿತು, ಆದರೂ ನಮ್ಮಪ್ಪ "ವಿಕ್ರಾಂತ್ ಸಿಗಲ್ವೇನೋ" ಅಂತ ಕೇಳಿಯೇ ಕೇಳಿದರು. ಅಂಗಡಿಯ ಹುಡುಗನಿಗೆ ಹೆಸರೇ ಗೊತ್ತಿರಲಿಲ್ಲ. ರೇಟು ಊರಲ್ಲಿ ಇರೋದೇ. ಹೋದ ಸಲ ಬಿಲ್ಲಿನಲ್ಲಿ ನೂರಕ್ಕೆ 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ, ಹಳೇ ರೇಟು ಹೇಳೋರ ಹತ್ತಿರ ಇದನ್ನು ಕೇಳಿ.

ಇನ್ನು ಕೆಲಸಕ್ಕೆ ಬರೋಣ.

ಕಾರನ್ನು ಜಾಕಿ ಮೇಲೆ ಎತ್ತುವ ಮೊದಲೇ, ಚಕ್ರ ನೆಲದಲ್ಲಿ ಕೂತಿರುವಾಗಲೇ, ನಟ್ಟುಗಳನ್ನು ಒಂದೊಂದು ಕಾಲು ಸುತ್ತು ಸಡಿಲ ಮಾಡಿದರು. ಎತ್ತಿದ ಮೇಲೆ ಮಾಡಿದರೆ ಚಕ್ರವೂ ತಿರುಗುತ್ತದೆ, ಕಾರೂ ಅಲ್ಲಾಡುತ್ತದೆ. ಜಾಕಿ ಇಟ್ಟ ಜಾಗವನ್ನು ಗಮನಿಸಿ ನೋಡಿದೆ. ಬಾಗಿಲ ಕೆಳಗಿನ ಅಂಚಿನಲ್ಲಿ, ಚಕ್ರದ ಹತ್ತಿರ, ಎರಡು ಕಚ್ಚು ಇರುತ್ತವೆ, ಅವುಗಳ ನಡುವೆ ಮಾತ್ರ ಜಾಕಿ ಕೂರಬೇಕು. ಬೇರೆ ಕಡೆ ಇಟ್ಟರೆ ತಗಡು ಒಳಗೆ ಹೋಗುತ್ತದೆ. ನಮ್ಮ ಕಾರಿನ ಎಡಗಡೆ ಅಂಥದ್ದೇ ಒಂದು ತಗ್ಗಿದೆ, ಹಿಂದೆ ಬೇರೊಂದು ಕಡೆ ಆದದ್ದು, ಹೆಸರು ಬೇಡ. ಇಲ್ಲಿ ಜಾಕಿಯ ತಲೆಗೆ ದಪ್ಪ ರಬ್ಬರ್ ಬಿಲ್ಲೆ ಹಾಕಿದ್ದಾರೆ. ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿ ತಳ್ಳಿಟ್ಟರು. ಅಕಸ್ಮಾತ್ ಜಾಕಿ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ, ಯಾರ ಕಾಲ ಮೇಲೂ ಅಲ್ಲ.

ಟೈರ್ ಬಿಚ್ಚುವ ಮೆಷಿನ್ ಎಲ್ಲ ಕಡೆ ಒಂದೇ ಥರ. ಅಲಾಯ್ ರಿಮ್ ಗೀಚದ ಹಾಗೆ ಪ್ಲಾಸ್ಟಿಕ್ ಕವಚ ಹಾಕಿದ್ದರು, ಅಷ್ಟು ಸಾಕು. ನನಗೆ ಇಷ್ಟವಾದದ್ದು ವಾಲ್ವ್ ವಿಷಯ. ಟ್ಯೂಬ್‌ಲೆಸ್ ಟೈರಿಗೆ ಗಾಳಿ ತುಂಬಿಸುವ ಆ ರಬ್ಬರ್ ವಾಲ್ವ್ ಕೂಡ ಟೈರಿನ ಜೊತೆಗೇ ಹಳೆಯದಾಗಿರುತ್ತದೆ, ಬುಡದಲ್ಲಿ ಬಿರುಕು ಬಿಟ್ಟು ಗಾಳಿ ಸೋರೋಕೆ ಶುರುವಾಗುತ್ತದೆ. ಐದು ಸಾವಿರದ ಟೈರ್ ಹಾಕಿ ಹಳೇ ವಾಲ್ವ್ ಬಿಡುವ ಅಂಗಡಿಗಳಿವೆ. ಇಲ್ಲಿ ಕೇಳದೆಯೇ ನಾಲ್ಕೂ ಬದಲಿಸಿದರು. ಹೊಸ ಟೈರಿನ ಮೇಲಿದ್ದ ಹಳದಿ ಚುಕ್ಕೆಯನ್ನು ವಾಲ್ವಿನ ನೇರಕ್ಕೆ ತಂದು ಕೂರಿಸಿದರು, ಅದು ಟೈರಿನ ಹಗುರ ಭಾಗ, ವಾಲ್ವ್ ಇರುವ ಕಡೆ ರಿಮ್ ಸ್ವಲ್ಪ ಭಾರ, ಎರಡೂ ಸೇರಿದರೆ ಬ್ಯಾಲೆನ್ಸಿಂಗಿಗೆ, ಅಂದರೆ ಚಕ್ರದ ಭಾರ ಸುತ್ತಲೂ ಸಮ ಮಾಡೋಕೆ, ಕಡಿಮೆ ಸೀಸ ಸಾಕಾಗುತ್ತದೆ.

ಬ್ಯಾಲೆನ್ಸಿಂಗ್‌ನಲ್ಲಿ ಹಳೆಯ ತೂಕಗಳನ್ನೆಲ್ಲ ಕಿತ್ತು, ರಿಮ್ ಒರೆಸಿ, ಹೊಸದಾಗಿ ಅಂಟಿಸಿ, ಮೆಷಿನ್‌ನಲ್ಲಿ ಎರಡೂ ಕಡೆ ಸೊನ್ನೆ ಬರುವ ತನಕ ತಿರುಗಿಸಿದರು. ಒಂದು ಚಕ್ರ ಹಟ ಮಾಡಿತು. "ಐದು ಗ್ರಾಂ ತಾನೆ, ಬಿಡೋ" ಅಂತ ಹುಡುಗ ಅಂದ, ಯಜಮಾನರು ಬಿಡಲಿಲ್ಲ. ಎಂಬತ್ತು ದಾಟಿದ ಮೇಲೆ ಸ್ಟೀರಿಂಗ್ ನಡುಗುತ್ತದೆ ಅಂತ ದೂರುವವರು ಹೆಚ್ಚಾಗಿ ಮುಂದಿನ ಚಕ್ರದ ಬ್ಯಾಲೆನ್ಸಿಂಗ್ ನೋಡಿಸಬೇಕು, ಅಲೈನ್‌ಮೆಂಟ್ ಅಲ್ಲ. ಕಾರು ಒಂದು ಕಡೆ ಎಳೆದರೆ, ಟೈರಿನ ಒಂದು ಅಂಚು ಮಾತ್ರ ಸವೆದರೆ, ಆಗ ಅಲೈನ್‌ಮೆಂಟ್. ಇವೆರಡನ್ನೂ ಒಂದೇ ಅಂದುಕೊಂಡು ದುಡ್ಡು ಕೊಡೋರು ಬಹಳ.

ಈಗ ಆ ಎರಡು ನಿಮಿಷ.

ಚಕ್ರ ವಾಪಸ್ ಹಾಕುವ ಮೊದಲು ತಂತಿ ಬ್ರಷ್ ತಗೊಂಡು, ಚಕ್ರ ಕೂರುವ ಹಬ್‌ನ ಮುಖದ ಮೇಲಿನ ತುಕ್ಕು ಉಜ್ಜಿದರು. ಅಲ್ಲಿ ತುಕ್ಕಿನ ಚಕ್ಕೆ ಸಿಕ್ಕಿಕೊಂಡರೆ ನಟ್ಟು ಬಿಗಿಯಾದ ಹಾಗೆ ಅನ್ನಿಸುತ್ತದೆ, ನಾಲ್ಕು ದಿನ ಓಡಿದ ಮೇಲೆ ಚಕ್ಕೆ ಪುಡಿಯಾಗಿ ನಟ್ಟು ಸಡಿಲವಾಗುತ್ತದೆ. ನಟ್ಟು ಹತ್ತುವ ಬೋಲ್ಟಿಗೆ, ಅಂದರೆ ಸ್ಟಡ್‌ಗೆ, ಗ್ರೀಸ್ ಹಚ್ಚಲಿಲ್ಲ. ಹಚ್ಚಿ ಅಂತ ಕೇಳಿದವರೊಬ್ಬರಿಗೆ, ಹಚ್ಚಿದರೆ ಅದೇ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಬೇಕಾದ್ದಕ್ಕಿಂತ ಜಾಸ್ತಿ ಬಿಗಿ ಆಗುತ್ತೆ, ಸ್ಟಡ್ ಎಳೆದುಹೋಗುತ್ತೆ ಅಂತ ವಿವರಿಸಿದರು. ಆಮೇಲೆ ನಟ್ಟುಗಳನ್ನು ಕೈಯಲ್ಲೇ ಮೂರ್ನಾಲ್ಕು ಸುತ್ತು ತಿರುಗಿಸಿ ಕೂರಿಸಿದರು. ನೇರವಾಗಿ, ಗಾಳಿಯ ಒತ್ತಡದಿಂದ ನಟ್ಟು ತಿರುಗಿಸುವ ಏರ್ ಗನ್ ಇಟ್ಟು ಟರ್ರ್ ಅನ್ನಿಸಿದರೆ ನಟ್ಟು ಓರೆಯಾಗಿ ಹತ್ತಿಕೊಳ್ಳಬಹುದು, ಥ್ರೆಡ್ ಹೋಯಿತು ಅಂದರೆ ಸ್ಟಡ್ಡೇ ಬದಲಿಸಬೇಕು.

ಕಾರನ್ನು ಇಳಿಸಿದ ಮೇಲೆ ಟಾರ್ಕ್ ರೆಂಚ್ ಬಂತು. ನಮ್ಮ ಕಾರಿನ ಪುಸ್ತಕದಲ್ಲಿ ನಟ್ಟಿನ ಟಾರ್ಕ್ 100 ನ್ಯೂಟನ್ ಮೀಟರ್ ಅಂತಿದೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 120ರ ಒಳಗೆ ಇರುತ್ತದೆ, ನಿಮ್ಮದಕ್ಕೆ ಎಷ್ಟು ಅಂತ ಪುಸ್ತಕ ನೋಡಿ. ರೆಂಚನ್ನು ಆ ಅಂಕಿಗೆ ಇಟ್ಟು, ಒಂದಾದ ಮೇಲೆ ಅದರ ಎದುರಿನದ್ದು, ಆಮೇಲೆ ಪಕ್ಕದ್ದು, ಅದರ ಎದುರಿನದ್ದು, ಹೀಗೆ ಅಡ್ಡಡ್ಡ ಬಿಗಿದರು. ಸರಿಯಾದ ಬಿಗಿ ಬಂದಾಗ ಕ್ಲಿಕ್ ಅನ್ನುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಸುತ್ತ ಒಂದೇ ದಿಕ್ಕಿನಲ್ಲಿ ಬಿಗಿಯುತ್ತಾ ಹೋದರೆ ಚಕ್ರ ಒಂದು ಕಡೆಗೆ ವಾಲಿ ಕೂರುತ್ತದೆ.

ಇಷ್ಟೆಲ್ಲ ಯಾಕೆ, ಗನ್ನಲ್ಲಿ ಗಟ್ಟಿಯಾಗಿ ಬಿಗಿದರೆ ಇನ್ನೂ ಒಳ್ಳೆಯದಲ್ವಾ ಅನ್ನುವವರಿಗೆ ಒಂದು ಲೆಕ್ಕ. ಕಾರಿನ ಜೊತೆ ಕೊಡುವ ಎಲ್ ಆಕಾರದ ಸ್ಪ್ಯಾನರ್ ಸುಮಾರು 25 ಸೆಂಟಿಮೀಟರ್ ಉದ್ದ ಅಂತಿಟ್ಟುಕೊಳ್ಳಿ. ಅದರ ತುದಿಗೆ 40 ಕೆಜಿ ಭಾರ ಹಾಕಿದರೆ 100 ನ್ಯೂಟನ್ ಮೀಟರ್ ಹತ್ತಿರ ಬರುತ್ತದೆ. ಅಂದರೆ ಒಬ್ಬ ಸಾಮಾನ್ಯ ಮನುಷ್ಯ ಅರ್ಧ ಮೈಭಾರ ಹಾಕಿ ಒತ್ತಿದರೆ ನಟ್ಟು ಬಿಡುತ್ತದೆ. ಅದೇ ಗನ್ ಹಿಡಿದವನು ಅಜಾಗರೂಕತೆಯಿಂದ 250ಕ್ಕೆ ಬಿಗಿದಿದ್ದರೆ? 100 ಕೆಜಿ ಬೇಕು. ರಾತ್ರಿ ಹತ್ತು ಗಂಟೆಗೆ ಮದ್ದೂರು ದಾಟಿದ ಮೇಲೆ ಟೈರ್ ಕೂತರೆ ಆ 100 ಕೆಜಿ ಎಲ್ಲಿಂದ ತರೋದು? ನನ್ನ ಹೆಂಡತಿ 52 ಕೆಜಿ, ಅವಳು ಸ್ಪ್ಯಾನರ್ ಮೇಲೆ ಹತ್ತಿ ಕುಣಿದರೂ ಅದು ಜಗ್ಗೋದಿಲ್ಲ. ಅಂಗಡಿಯಲ್ಲಿ ನಟ್ಟು ಬಿಗಿಯುವವನೇ ದಾರಿಯಲ್ಲಿ ನೀವು ಅದನ್ನು ಬಿಚ್ಚಬಹುದೋ ಇಲ್ಲವೋ ಅಂತ ತೀರ್ಮಾನ ಮಾಡೋದು. ಜಾಸ್ತಿ ಬಿಗಿಯಿಂದ ಸ್ಟಡ್ ಮುರಿಯೋದು, ಬ್ರೇಕ್ ಡಿಸ್ಕ್ ಸೊಟ್ಟಗಾಗೋದು ಬೇರೆ.

ಎಲ್ಲ ಮುಗಿದ ಮೇಲೆ ಹುಡುಗ, "ಸಾರ್, ಐವತ್ತು–ನೂರು ಕಿಲೋಮೀಟರ್ ಓಡಿಸ್ಕೊಂಡು ಬನ್ನಿ, ಇನ್ನೊಂದ್ಸಲ ನಟ್ ನೋಡ್ತೀನಿ, ದುಡ್ಡೇನಿಲ್ಲ" ಅಂದ. ಹೋದೆ. ನಾಲ್ಕು ಚಕ್ರಕ್ಕೂ ಮತ್ತೆ ರೆಂಚ್ ಇಟ್ಟ, ಒಂದು ನಟ್ಟು ಮಾತ್ರ ಸ್ವಲ್ಪ ತಿರುಗಿತು. ದೊಡ್ಡ ಶೋರೂಮುಗಳಲ್ಲೂ ಈ ಮಾತು ನನಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಮೆಚ್ಚಿಕೆ. ಎರಡೇ ಹೊಸ ಟೈರ್ ಹಾಕಿಸೋಕೆ ಬಂದ ಒಬ್ಬ ಹಿರಿಯರು, ಮುಂದಿನ ಚಕ್ರ ತಾನೆ ಎಳೆಯೋದು, ಹೊಸದು ಮುಂದಕ್ಕೇ ಹಾಕು ಅಂತ ಜೋರು ಮಾಡಿದರು. ಯಜಮಾನರು "ಹಿಂದಕ್ಕೆ ಹಾಕ್ಸಿ ಸಾರ್" ಅಂತ ಅಲ್ಲಾಡಲಿಲ್ಲ. ಸರಿಯಾದ ಮಾತೇ. ಮಳೆಯಲ್ಲಿ ಮುಂದಿನ ಟೈರ್ ಹಿಡಿತ ಬಿಟ್ಟರೆ ಕಾರು ನೇರ ಜಾರುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಷ್ಟೋ ಸಲ ಹಿಡಿತ ವಾಪಸ್ ಬರುತ್ತದೆ. ಹಿಂದಿನದು ಬಿಟ್ಟರೆ ಕಾರು ಬುಗುರಿ ಥರ ತಿರುಗುತ್ತದೆ, ಅದನ್ನು ನಮ್ಮಂಥವರು ಹಿಡಿಯೋಕಾಗಲ್ಲ. ಹಿರಿಯರು ಗೊಣಗಿಕೊಂಡೇ ಒಪ್ಪಿದರು.

ಈಗ ಬೈಗುಳ. ನೈಟ್ರೋಜನ್ ಹಾಕಿಸಿ ಅಂತ ಇಲ್ಲೂ ತಲೆ ತಿನ್ನುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ ಸ್ವಾಮಿ. ಅದಕ್ಕೆ ದುಡ್ಡು ಕೊಡೋ ಬದಲು ತಿಂಗಳಿಗೊಂದು ಸಲ ಸುಮ್ನೆ ಮಾಮೂಲಿ ಗಾಳಿ ಚೆಕ್ ಮಾಡಿಸಿದರೆ ಸಾಕು. ಅದೂ ಬೆಳಿಗ್ಗೆ, ಟೈರ್ ತಣ್ಣಗಿರುವಾಗ. ಎಷ್ಟು ಗಾಳಿ ಅಂತ ಡ್ರೈವರ್ ಬಾಗಿಲ ಪಕ್ಕದ ಕಂಬದ ಮೇಲೆ ಚೀಟಿ ಅಂಟಿಸಿರುತ್ತಾರೆ, ಟೈರಿನ ಮೇಲೆ ಬರೆದಿರೋದು ಅದು ತಡೆಯುವ ಗರಿಷ್ಠ ಅಳತೆ, ಅಷ್ಟು ತುಂಬಿಸಬಾರದು. ಓಡಿಸಿಕೊಂಡು ಬಂದ ಮೇಲೆ ಮೂರ್ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸೋದು ಸಹಜ, ಅದನ್ನು ಬಿಡಿಸಲು ಹೋಗಬೇಡಿ. ಇಲ್ಲಿನ ಹುಡುಗ ಮಾತ್ರ ಎಲ್ಲ ಕಾರಿಗೂ 35 ತುಂಬಿಸುತ್ತಾನೆ, ನಮ್ಮದಕ್ಕೆ 33 ಅಂತ ಹೇಳಿ ಇಳಿಸಬೇಕಾಯಿತು. ಟಾರ್ಕ್ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು ಇರೋರು ಗಾಳಿ ವಿಷಯದಲ್ಲಿ ಯಾಕೆ ಹೀಗೋ.

ಅಲೈನ್‌ಮೆಂಟ್ ಮೆಷಿನ್ ಒಂದೇ ಇರೋದು. ಕಾಯೋದೆಲ್ಲ ಅಲ್ಲೇ. ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಕೆಂಪು–ಹಸಿರು ಪ್ರಿಂಟ್ ಬರುತ್ತದೆ, ಅದನ್ನು ಅವರಾಗಿ ಕೊಡೋದಿಲ್ಲ, ಕೇಳಿ ಇಸ್ಕೋಬೇಕು. ಬಿಲ್ಲಿನಲ್ಲಿ ಟೈರಿನ ಸೀರಿಯಲ್ ನಂಬರ್ ಬರೆಯೋದೂ ಅಷ್ಟೇ. ಮುಂದೆ ಟೈರ್ ಉಬ್ಬಿ ವಾರಂಟಿ ಕೇಳೋಕೆ ಹೋದರೆ ಕಂಪನಿಯವರು ಮೊದಲು ಕೇಳೋದು ಅದನ್ನೇ. ಬ್ಯಾಲೆನ್ಸಿಂಗ್ ತೂಕಕ್ಕೆ ಗ್ರಾಂ ಲೆಕ್ಕದಲ್ಲಿ ಬೇರೆ ದುಡ್ಡು, ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಹಳೇ ಟೈರಿಗೆ ಕೊಡುವ ರೇಟು ನಗು ತರಿಸುತ್ತದೆ.

ಪಂಕ್ಚರ್ ಕೆಲಸವೂ ಮಾಡುತ್ತಾರೆ. ಹೊರಗಿನಿಂದ ಸ್ಟ್ರಿಪ್ ತುರುಕಿ ಐದು ನಿಮಿಷದಲ್ಲಿ ಕಳಿಸೋದೂ ಇದೆ, ಟೈರ್ ಬಿಚ್ಚಿ ಒಳಗಿನಿಂದ ಮಶ್ರೂಮ್ ಪ್ಯಾಚ್ ಹಾಕೋದೂ ಇದೆ. ದೂರದ ಊರಿಗೆ ಹೋಗೋರು ಎರಡನೆಯದ್ದನ್ನೇ ಕೇಳಿ, ಒಳಗಡೆ ತಂತಿಗೆ ಏಟಾಗಿದ್ದರೆ ಬಿಚ್ಚಿದಾಗಲೇ ಕಾಣೋದು. ಪಕ್ಕದ ಗೋಡೆಗೆ ಮೊಳೆ ಹೊಕ್ಕಿದ್ದರೆ ಇವರು ಕೈ ಮುಟ್ಟೋದಿಲ್ಲ, ಹೊಸದೇ ಹಾಕಿಸಿ ಅಂತಾರೆ. ಅದು ದುಡ್ಡಿನಾಸೆ ಅಲ್ಲ, ಆ ಜಾಗ ಓಡುವಾಗ ಬಾಗಿ ಬಾಗಿ ಪ್ಯಾಚ್ ಬಿಟ್ಟುಹೋಗುತ್ತದೆ.

ಕೊನೆಗೆ ಸ್ಟೆಪ್ನಿ. ಈಚಿನ ಕೆಲವು ಕಾರುಗಳಲ್ಲಿ ಅದೇ ಇರೋದಿಲ್ಲ. ಟ್ಯೂಬ್‌ಲೆಸ್ ಟೈರ್, ಗಾಳಿ ಕಡಿಮೆಯಾದರೆ ಹೇಳುವ ಸೆನ್ಸರ್, ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಕೊಡಬೇಕಿಲ್ಲ ಅಂತ 2020ರಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿತು. ನಮ್ಮದರಲ್ಲಿ ಇದೆ, ಅದನ್ನೂ ಹೊರಗೆ ತೆಗೆಸಿ ಗಾಳಿ ನೋಡಿಸಿದೆ. ಕೇಳಿದರೆ ಮಾಡುತ್ತಾರೆ, ಕೇಳದಿದ್ದರೆ ಇಲ್ಲ. ತೆಳ್ಳಗಿನ ತಾತ್ಕಾಲಿಕ ಸ್ಟೆಪ್ನಿ ಇರುವವರು ಗಮನಿಸಿ, ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಗಾಳಿ ಬೇಕು, 80 ಕಿಲೋಮೀಟರ್ ವೇಗ ದಾಟಬಾರದು, ಎರಡೂ ಅದರ ಮೇಲೆಯೇ ಬರೆದಿರುತ್ತದೆ.

ಖಾಲಿ ಇದ್ದಾಗ ಯಜಮಾನರನ್ನು ಕೇಳಿಕೊಂಡರೆ ಚಕ್ರ ಬದಲಿಸೋದನ್ನು ನಿಮ್ಮ ಕೈಯಲ್ಲೇ ಮಾಡಿಸುತ್ತಾರೆ. ನನ್ನ ಹೆಂಡತಿಗೆ "ಮೇಡಂ, ನೀವೇ ಬಿಚ್ಚಿ ನೋಡಿ" ಅಂತ ಕಾರಿನ ಸ್ಪ್ಯಾನರನ್ನೇ ಕೊಟ್ಟರು. ಹ್ಯಾಂಡ್ ಬ್ರೇಕ್ ಎಳೆದು, ಗೇರ್‌ನಲ್ಲಿ ಹಾಕಿ, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಟ್ಟು, ಮಣ್ಣು ನೆಲವಾದರೆ ಜಾಕಿ ಅಡಿಗೆ ಹಲಗೆ ಇಟ್ಟು, ಸ್ಪ್ಯಾನರನ್ನು ಎಡಕ್ಕೆ ಅಡ್ಡ ನಿಲ್ಲುವ ಹಾಗೆ ಇಟ್ಟುಕೊಂಡು ಕಾಲಿನಿಂದ ಕೆಳಕ್ಕೆ ಒತ್ತಿದಳು. ಬಿಟ್ಟಿತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಾತ್ರ ಈ ಸಾಹಸ ಬೇಡ ಅಂತ ಅವರೇ ಹೇಳಿದರು. ವಾಹನಗಳು ನೂರರಲ್ಲಿ ಪಕ್ಕದಲ್ಲೇ ಹಾಯುವ ಕಡೆ ಬಲಗಡೆ ಚಕ್ರ ಬಿಚ್ಚಲು ಕೂರೋದು ಬೇಡ. ಹಜಾರ್ಡ್ ಲೈಟ್ ಹಾಕಿ, ನಿಧಾನಕ್ಕೆ ಆದಷ್ಟು ಎಡಕ್ಕೆ ತಂದು, ದೂರದಲ್ಲಿ ಎಚ್ಚರಿಕೆಯ ಕೆಂಪು ತ್ರಿಕೋನ ಇಟ್ಟು, ಎಲ್ಲರೂ ತಡೆಗೋಡೆಯ ಆಚೆ ನಿಂತು ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಗಾಳಿಯಿಲ್ಲದ ಟೈರಿನಲ್ಲಿ ಓಡಿಸಿ ರಿಮ್ ಹಾಳಾದರೆ ಆಗಲಿ.

ಹೋಗೋರು ವಾರದ ಮಧ್ಯೆ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಹೋಗಿ, ಎಲ್ಲ ಸೇರಿ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಡಿಕ್ಕಿ ಖಾಲಿ ಮಾಡಿಕೊಂಡು ಹೋಗಿ. ಸ್ಟೆಪ್ನಿ ತೆಗೆಯೋಕೆ ಅಂತ ನಿಮ್ಮ ಸಾಮಾನನ್ನೆಲ್ಲ ತೆಗೆದು ಆ ಕಾಲಿಲ್ಲದ ಕುರ್ಚಿ ಮೇಲೆ ಇಡುತ್ತಾರೆ.